ಮೂರು ಸಾಲಿನ ಸುದ್ದಿಯಲ್ಲಿ ಬಿಟ್ಟುಹೋದ ಕೋಚ್

ಸಂಪಾದಕರಿಗೆ,

ವಿಷಯ: ಡೇಮಿಯನ್ ಡಫ್ ರಾಜೀನಾಮೆ ಸುದ್ದಿ ಮತ್ತು ‘ದೊಡ್ಡ ಹೆಸರಿನ ಕೋಚ್ ಬೇಕು’ ಎಂಬ ಅಂಕಣ

ಮಾನ್ಯರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಕೆಳಮೂಲೆಯಲ್ಲಿ ಮೂರು ಸಾಲಿನ ಸುದ್ದಿ ಬಂದಿತ್ತು. ಇಂಗ್ಲೆಂಡಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿನ ಮಾಜಿ ತಾರೆ ಡೇಮಿಯನ್ ಡಫ್ ಐರ್ಲೆಂಡಿನ ಶೆಲ್ಬೋರ್ನ್ ಕ್ಲಬ್ಬಿನ ಮ್ಯಾನೇಜರ್ (ಅಲ್ಲಿ ಮುಖ್ಯ ಕೋಚ್‌ಗೆ ಹಾಗೆನ್ನುತ್ತಾರೆ) ಹುದ್ದೆ ಬಿಟ್ಟರು ಅಂತ. ಹೋದ ವರ್ಷ ‘ಮೊದಲ ಯತ್ನದಲ್ಲೇ’ ಲೀಗ್ ಗೆದ್ದಿದ್ದರು ಎಂದೂ ಇತ್ತು. ಅದಾದ ಎರಡು ದಿನಕ್ಕೆ ಅದೇ ಪುಟದಲ್ಲಿ ಒಂದು ಅಂಕಣ. ನಮ್ಮ ಫುಟ್‌ಬಾಲ್ ಉದ್ಧಾರ ಆಗಬೇಕಾದರೆ ಯುರೋಪಿನಲ್ಲಿ ಆಡಿ ಹೆಸರು ಮಾಡಿದ ದೊಡ್ಡ ಆಟಗಾರನನ್ನು ಕೋಚ್ ಆಗಿ ಕರೆಸಬೇಕು ಅನ್ನುವುದು ಅದರ ವಾದ.

ಅಂಕಣ ಬರೆದವರು ಆ ಮೂರು ಸಾಲನ್ನು ಓದಿರಲಿಕ್ಕಿಲ್ಲ. ಓದಿದ್ದರೂ ಅದರಲ್ಲಿ ಅವರಿಗೆ ಬೇಕಾದದ್ದು ಏನೂ ಸಿಗುತ್ತಿರಲಿಲ್ಲ. ಯಾಕೆಂದರೆ ಡಫ್ ಚೆಲ್ಸಿ ಬಿಟ್ಟದ್ದಕ್ಕೂ ಶೆಲ್ಬೋರ್ನ್ ಬಿಟ್ಟದ್ದಕ್ಕೂ ನಡುವೆ ಏನಾಯಿತು ಅನ್ನುವುದೇ ಇಲ್ಲಿ ವಿಷಯ. ಅದನ್ನು ನೀವು ಪೂರ್ತಿ ಬಿಟ್ಟಿದ್ದೀರಿ.

ನಾನು ಬೆಂಗಳೂರಿನ ಆಸ್ಟಿನ್ ಟೌನಿನವನು. ಕಾರ್ಖಾನೆ ಕೆಲಸದಿಂದ ನಿವೃತ್ತಿ ಆಗಿ ವರ್ಷಗಳಾದವು. ಕಾರ್ಖಾನೆ ತಂಡಕ್ಕೆ ಲೆಫ್ಟ್ ವಿಂಗ್‌ನಲ್ಲಿ, ಅಂದರೆ ಮೈದಾನದ ಎಡ ಅಂಚಿನಲ್ಲಿ ಆಡುತ್ತಿದ್ದೆ. ದೊಡ್ಡ ಆಟಗಾರ ಏನಲ್ಲ. ಈಗಲೂ ಬೆಳಗ್ಗೆ ಮೈದಾನಕ್ಕೆ ಹೋಗಿ ಹುಡುಗರಿಗೆ ಹೇಳಿಕೊಡುತ್ತೇನೆ. ಮಗಳು ಡಬ್ಲಿನ್‌ನಲ್ಲಿ ಕೆಲಸ ಮಾಡುತ್ತಾಳೆ, ಮನೆ ಡ್ರಮ್‌ಕಾಂಡ್ರಾ ಕಡೆ. ಅಲ್ಲಿಂದ ಶೆಲ್ಬೋರ್ನ್ ಆಡುವ ಟೋಲ್ಕಾ ಪಾರ್ಕ್‌ಗೆ ನಡೆದೇ ಹೋಗಬಹುದು. ಹಾಗಾಗಿ ಈ ಮನುಷ್ಯನ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಆಸಕ್ತಿ.

ಮೊದಲು ಆಟದ ಮಾತು. ನಿಮ್ಮ ಎಳೆಯ ಓದುಗರಿಗೆ ಡಫ್ ಆಟ ನೆನಪಿರುವುದಿಲ್ಲ. ಎಡಗಾಲಿನವನು. ಚೆಂಡು ಕಾಲಿಗೆ ಬಂದ ಕೂಡಲೇ ತಲೆ ತಗ್ಗಿಸಿ, ಭುಜ ಒಂದು ಕಡೆ ವಾಲಿಸಿ, ಡಿಫೆಂಡರ್ ಆ ಕಡೆ ಕಾಲು ಹಾಕುವಷ್ಟರಲ್ಲಿ ಇನ್ನೊಂದು ಕಡೆಯಿಂದ ಹೊರಟುಬಿಡುತ್ತಿದ್ದ. ವೇಗ ಇತ್ತು. ಆದರೆ ವೇಗಕ್ಕಿಂತ ಹೆಚ್ಚಾಗಿ, ಓಡುತ್ತಾ ಓಡುತ್ತಾ ಚೆಂಡಿಗೆ ಅಷ್ಟು ಸಲ ಕಾಲು ತಾಗಿಸುವ ಕಲೆ ಇತ್ತು. ವಿಂಗರ್‌ಗಳಲ್ಲಿ ಎರಡು ಜಾತಿ. ಚೆಂಡನ್ನು ಮುಂದೆ ಒದ್ದು ಹಿಂದೆ ಓಡುವವರು, ಚೆಂಡಿನ ಜೊತೆಗೇ ಓಡುವವರು. ನಾನು ಮೊದಲನೆಯ ಜಾತಿ. ಡಫ್ ಎರಡನೆಯದು. ಈ ಎರಡನೆಯ ಜಾತಿಯನ್ನು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ಹುಟ್ಟಿದ್ದು 1979ರಲ್ಲಿ, ದಕ್ಷಿಣ ಡಬ್ಲಿನ್‌ನ ಬ್ಯಾಲಿಬೋಡೆನ್‌ನಲ್ಲಿ. ಆ ಕಾಲದ ಐರಿಷ್ ಹುಡುಗರೆಲ್ಲ ಮಾಡಿದಂತೆ ಇವನೂ ಎಳೆಯ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಹೋದ. ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ. ತಂಡ ಕೆಳಗಿನ ಡಿವಿಷನ್‌ಗೆ ಬಿದ್ದಾಗಲೂ ಅಲ್ಲೇ ಇದ್ದ, ಮತ್ತೆ ಮೇಲೆ ಬಂದಾಗಲೂ ಇದ್ದ. 2002ರಲ್ಲಿ ಅವರ ಜೊತೆ ಲೀಗ್ ಕಪ್ ಗೆದ್ದ. ಅದೇ ವರ್ಷ ಜಪಾನ್ ಮತ್ತು ಕೊರಿಯಾದಲ್ಲಿ ವಿಶ್ವಕಪ್. ಪಂದ್ಯಾವಳಿ ಶುರುವಾಗುವ ಮೊದಲೇ ಸೈಪಾನ್ ದ್ವೀಪದ ಶಿಬಿರದಲ್ಲಿ ನಾಯಕ ರಾಯ್ ಕೀನ್ ಮತ್ತು ಕೋಚ್ ಮಿಕ್ ಮೆಕಾರ್ತಿ ನಡುವೆ ದೊಡ್ಡ ಜಗಳ ಆಗಿ, ನಾಯಕನೇ ಮನೆಗೆ ವಾಪಸಾಗಿದ್ದ. ಅಂಥ ಹೊತ್ತಿನಲ್ಲಿ ಆ ತಂಡದ ಆಟಕ್ಕೆ ಜೀವ ತುಂಬಿದ್ದು ಈ ಹುಡುಗ. ಯೊಕೊಹಾಮಾದಲ್ಲಿ ಸೌದಿ ಅರೇಬಿಯಾ ವಿರುದ್ಧ ಗೋಲು ಹೊಡೆದು, ಜಪಾನಿಯರ ರೀತಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ದು ಟಿವಿಯಲ್ಲಿ ನೋಡಿದವರಿಗೆ ಮರೆಯುವುದಿಲ್ಲ. ಮುಂದಿನ ಸುತ್ತಿನಲ್ಲಿ ಸ್ಪೇನ್ ಎದುರು ಪೆನಾಲ್ಟಿಯಲ್ಲಿ ಸೋತರು.

2003ರಲ್ಲಿ ಚೆಲ್ಸಿ ಇವನಿಗೆ ಕೊಟ್ಟದ್ದು 1.7 ಕೋಟಿ ಪೌಂಡ್. ರಷ್ಯಾದ ಶ್ರೀಮಂತ ಅಬ್ರಾಮೊವಿಚ್ ಕ್ಲಬ್ ಕೊಂಡ ಮೊದಲ ಬೇಸಿಗೆ ಅದು. ಮರುವರ್ಷ ಮ್ಯಾನೇಜರ್ ಆಗಿ ಮೊರಿನ್ಯೊ ಬಂದರು. ಒಂದು ಕಡೆಯ ವಿಂಗ್‌ನಲ್ಲಿ ಡಚ್ ಆಟಗಾರ ರಾಬನ್, ಇನ್ನೊಂದು ಕಡೆ ಡಫ್. 2005ರಲ್ಲಿ, 50 ವರ್ಷ ಆದ ಮೇಲೆ ಚೆಲ್ಸಿ ಲೀಗ್ ಗೆದ್ದಿತು. 2006ರಲ್ಲಿ ಮತ್ತೊಮ್ಮೆ. ಆಮೇಲೆ ನ್ಯೂಕ್ಯಾಸಲ್. ಅಲ್ಲಿ ಗಾಯ, ಕೊನೆಗೆ ತಂಡವೇ ಕೆಳಗಿನ ಡಿವಿಷನ್‌ಗೆ. ಅದರ ಬಗ್ಗೆ ಹೇಳಲಿಕ್ಕೆ ಜಾಸ್ತಿ ಇಲ್ಲ. ಆಮೇಲೆ ಫುಲ್ಹಾಮ್. 2010ರಲ್ಲಿ ಆ ಸಣ್ಣ ಕ್ಲಬ್ ಯುರೋಪಾ ಲೀಗ್ ಫೈನಲ್‌ವರೆಗೆ ಹೋದಾಗ ಇವನೂ ಇದ್ದ. ಐರ್ಲೆಂಡಿಗೆ 100 ಪಂದ್ಯ. ನೂರನೆಯದು 2012ರ ಯುರೋ ಕಪ್‌ನಲ್ಲಿ ಇಟಲಿ ವಿರುದ್ಧ, ನಾಯಕನಾಗಿ. ಒಂದು ವರ್ಷ ಮೆಲ್ಬರ್ನ್‌ನಲ್ಲೂ ಆಡಿ ಬಂದ.

ನಿಮ್ಮ ಮೂರು ಸಾಲಿನ ‘ಮಾಜಿ ತಾರೆ’ಯ ಕತೆ ಇಷ್ಟು. ಇದು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಇನ್ನು ಸಿಗದೇ ಹೋಗುವ ಕಡೆಗೆ ಬರುತ್ತೇನೆ.

ಡಫ್‌ನನ್ನು ಎಳೆಯ ವಯಸ್ಸಿನಲ್ಲಿ ತಿದ್ದಿದವರಲ್ಲಿ ಒಬ್ಬರು ಬ್ರಿಯಾನ್ ಕೆರ್. ಈ ಹೆಸರು ನಮ್ಮಲ್ಲಿ ಯಾರೂ ಕೇಳಿರುವುದಿಲ್ಲ. ಕೆರ್ ದೊಡ್ಡ ಆಟಗಾರ ಆಗಿರಲಿಲ್ಲ. ಡಬ್ಲಿನ್‌ನ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತಾ, ಸಂಜೆ ಹೊತ್ತು ಕೋಚಿಂಗ್ ಮಾಡುತ್ತಿದ್ದವರು. 1997ರಲ್ಲಿ ಮಲೇಷ್ಯಾದಲ್ಲಿ ನಡೆದ ಕಿರಿಯರ ವಿಶ್ವ ಪಂದ್ಯಾವಳಿಗೆ ಐರ್ಲೆಂಡ್ ತಂಡವನ್ನು ಕರೆದುಕೊಂಡು ಹೋಗಿ ಮೂರನೇ ಸ್ಥಾನ ತಂದರು. ಡಫ್ ಆ ತಂಡದಲ್ಲಿದ್ದ. ಮರುವರ್ಷ 16 ವರ್ಷದೊಳಗಿನವರ ಮತ್ತು 18 ವರ್ಷದೊಳಗಿನವರ ಯುರೋಪ್ ಪ್ರಶಸ್ತಿ ಎರಡನ್ನೂ ಇದೇ ಕೆರ್ ಗೆಲ್ಲಿಸಿದರು. ಅಷ್ಟು ಚಿಕ್ಕ ದೇಶ, ಒಂದೇ ವರ್ಷ, ಎರಡು ಕಪ್. ಮುಂದೆ ಅವರಿಗೇ ಹಿರಿಯರ ತಂಡವೂ ಸಿಕ್ಕಿತು. ಡಫ್ ಆಗ ಎಷ್ಟು ನಿದ್ದೆ ಮಾಡುತ್ತಿದ್ದ ಅಂದರೆ, ಇವನ ಬೆನ್ನು ಹಾಸಿಗೆಗೆ ಅಂಟಿಕೊಳ್ಳುವ ಕಾಯಿಲೆ ಇದೆ ಅಂತ ಕೆರ್ ತಮಾಷೆ ಮಾಡುತ್ತಿದ್ದರಂತೆ.

ಆ ನಿದ್ದೆಬುರುಕ ಮುಂದೆ ಏನು ಮಾಡಿದ ನೋಡಿ.

2015ರಲ್ಲಿ ಊರಿಗೆ ಬಂದು ಡಬ್ಲಿನ್‌ನ ಶ್ಯಾಮ್‌ರಾಕ್ ರೋವರ್ಸ್ ಕ್ಲಬ್ ಸೇರಿದ. ತನಗೆ ಬಂದ ಸಂಬಳವನ್ನು ದಾನ ಕೊಟ್ಟ. ಕಾಲು ಕೇಳಲಿಲ್ಲ, ವರ್ಷದ ಕೊನೆಗೆ ಆಟ ನಿಲ್ಲಿಸಿದ. ಇಷ್ಟು ದೊಡ್ಡ ಹೆಸರಿನವರು ಆಮೇಲೆ ಸಾಮಾನ್ಯವಾಗಿ ಟಿವಿ ಸ್ಟುಡಿಯೋಗೆ ಹೋಗುತ್ತಾರೆ. ಇಲ್ಲವೇ ಯಾವುದಾದರೂ ಕ್ಲಬ್ಬಿನ ಮಾಲೀಕ ಫೋನ್ ಮಾಡುತ್ತಾನೆ. ಡಫ್ ಹೋಗಿದ್ದು 15 ವರ್ಷದೊಳಗಿನ ಹುಡುಗರ ಹತ್ತಿರ. ಅದೇ ರೋವರ್ಸ್‌ನ ಕಿರಿಯರ ತಂಡಕ್ಕೆ ಕೋಚ್ ಆದ. ಹುಡುಗರು ಶಾಲೆಗೆ ಹೋಗುವ ಮುಂಚೆ, ಬೆಳಗಿನ ಜಾವದಲ್ಲಿ ತರಬೇತಿ. ಡಬ್ಲಿನ್‌ನ ಚಳಿಗಾಲದಲ್ಲಿ ಬೆಳಿಗ್ಗೆ ಎಂಟೂವರೆಗೂ ಸರಿಯಾಗಿ ಬೆಳಕು ಹರಿಯುವುದಿಲ್ಲ, ನೆನಪಿರಲಿ. ಅಲ್ಲಿ ದೀಪದ ಬೆಳಕಿನಲ್ಲಿ, ಮಳೆಯಲ್ಲಿ ಹುಡುಗರ ಜೊತೆ ನಿಂತವನು ಎರಡು ಸಲ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದವನು. ನಮ್ಮ ಮೈದಾನದಲ್ಲಿ ಆರು ಗಂಟೆಗೆ ಬನ್ನಿ ಅಂದರೆ ಹುಡುಗರಿಗಿಂತ ಮೊದಲು ಅವರ ತಂದೆತಾಯಿಯೇ ತಕರಾರು ತೆಗೆಯುತ್ತಾರೆ. ಅದು ಬೇರೆ ಮಾತು ಬಿಡಿ.

ಯಾಕೆ ಇದು ಮುಖ್ಯ ಅಂತ ಒಂದು ಮಾತು ಹೇಳಬೇಕು. ಐರ್ಲೆಂಡ್ ಎಷ್ಟೋ ದಶಕ ತನ್ನ ಆಟಗಾರರನ್ನು ತಾನು ತಯಾರು ಮಾಡಲೇ ಇಲ್ಲ. ಚುರುಕು ಹುಡುಗ ಕಂಡರೆ ಇಂಗ್ಲೆಂಡಿನ ಕ್ಲಬ್ಬಿನವರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಡಫ್, ಮುಂದೆ ಐರ್ಲೆಂಡಿನ ದೊಡ್ಡ ಸ್ಟ್ರೈಕರ್ ಆದ ರಾಬಿ ಕೀನ್, ಇಬ್ಬರೂ ಹೀಗೇ ಹೋದವರು. ಬ್ರೆಕ್ಸಿಟ್ ಆದ ಮೇಲೆ ಆ ಬಾಗಿಲು ಮುಚ್ಚಿತು. 18 ತುಂಬುವ ಮೊದಲು, 16 ದಾಟಿದ ಹುಡುಗರು ಸಾಮಾನ್ಯವಾಗಿ ಐರೋಪ್ಯ ಒಕ್ಕೂಟದೊಳಗೆ ಮಾತ್ರ ದೇಶದಿಂದ ದೇಶಕ್ಕೆ ಹೋಗಬಹುದು ಅನ್ನುವುದು ಫಿಫಾ ನಿಯಮ. ಬ್ರಿಟನ್ ಒಕ್ಕೂಟದಿಂದ ಹೊರಗೆ ಹೋಯಿತು. ಆದ್ದರಿಂದ 2021ರಿಂದ ಐರಿಷ್ ಹುಡುಗರು 18 ತುಂಬುವ ತನಕ ಇಂಗ್ಲೆಂಡಿಗೆ ಹೋಗುವಂತಿಲ್ಲ, ಹೆಚ್ಚಿನವರು ಊರಲ್ಲೇ ಕಲಿಯಬೇಕು. ಕಲಿಸುವವರು ಯಾರು? ಇದುವರೆಗೆ ಬೇರೆಯವರು ಮಾಡುತ್ತಿದ್ದ ಕೆಲಸ ಒಮ್ಮೆಗೇ ಡಬ್ಲಿನ್, ಕಾರ್ಕ್, ಗಾಲ್ವೇಯ ಸಣ್ಣ ಸಣ್ಣ ಕ್ಲಬ್ಬುಗಳ ತಲೆ ಮೇಲೆ ಬಿತ್ತು. ಡಫ್ ಹುಡುಗರ ಕೋಚಿಂಗ್ ಶುರುಮಾಡಿದ್ದು ಅದಕ್ಕೂ ಮೊದಲೇ. ಯಾರೂ ಬಲವಂತ ಮಾಡಿರಲಿಲ್ಲ.

2019ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಹೋದ. ಮೊದಲು ರಿಸರ್ವ್ ತಂಡ, ಆಮೇಲೆ ಮ್ಯಾನೇಜರ್ ನೀಲ್ ಲೆನನ್ ಕೈಕೆಳಗೆ ಮುಖ್ಯ ತಂಡದ ಕೋಚ್. ಅಲ್ಲಿಂದ ಮುಖ್ಯ ಕೋಚ್ ಸ್ಟೀಫನ್ ಕೆನ್ನಿ ಜೊತೆ ಐರ್ಲೆಂಡ್ ತಂಡಕ್ಕೆ. 2021ರ ಜನವರಿಯಲ್ಲಿ ಅದನ್ನೂ ಬಿಟ್ಟ. ಬಿಟ್ಟು ಎಲ್ಲಿಗೆ ಹೋದ? ಶೆಲ್ಬೋರ್ನ್‌ನ 17 ವರ್ಷದೊಳಗಿನವರ ತಂಡಕ್ಕೆ. ರಾಷ್ಟ್ರೀಯ ತಂಡದ ಬೆಂಚಿನಿಂದ ಎದ್ದು ಹೋಗಿ ಮತ್ತೆ ಮಕ್ಕಳ ತಂಡ! ನಮ್ಮಲ್ಲಿ ಹೀಗೆ ಯಾರಾದರೂ ಮಾಡಿದರೆ ‘ಪಾಪ, ಇವನ ಕತೆ ಮುಗಿಯಿತು’ ಅನ್ನುತ್ತೇವೆ ಅಲ್ವಾ? ಅದೇ ವರ್ಷ ನವೆಂಬರ್‌ನಲ್ಲಿ ಕ್ಲಬ್ ಅವನನ್ನು ಮುಖ್ಯ ತಂಡದ ಮ್ಯಾನೇಜರ್ ಮಾಡಿತು.

ಶೆಲ್ಬೋರ್ನ್ ಬಗ್ಗೆ ಸ್ವಲ್ಪ. 1895ರಲ್ಲಿ ಶುರುವಾದ ಕ್ಲಬ್. ಕೆಂಪು ಜೆರ್ಸಿ. ಊರಿನವರು ಶೆಲ್ಸ್ ಅನ್ನುತ್ತಾರೆ. 2004ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಸ್ಪೇನ್‌ನ ಡಿಪೋರ್ಟಿವೊ ತಂಡವನ್ನು ಡಬ್ಲಿನ್‌ನಲ್ಲಿ ಗೋಲಿಲ್ಲದೆ ನಿಲ್ಲಿಸಿತ್ತು. ಆದರೆ ಕೈಮೀರಿ ಖರ್ಚು ಮಾಡಿತು. 2006ರಲ್ಲಿ ಲೀಗ್ ಗೆದ್ದ ಮೇಲೆ ಹಣದ ಮುಗ್ಗಟ್ಟಿಗೆ ಸಿಕ್ಕಿ ಕೆಳಗಿನ ಡಿವಿಷನ್‌ಗೆ ತಳ್ಳಿಸಿಕೊಂಡಿತು. ಪ್ರಶಸ್ತಿ ಗೆದ್ದವರೇ ಕೆಳಗೆ! ಆಮೇಲೆ ವರ್ಷಗಟ್ಟಲೆ ಮೇಲೆ ಬರುವುದು, ಮತ್ತೆ ಬೀಳುವುದು. ಮೈದಾನವೇ ಕೈತಪ್ಪುವ ಹಾಗಾಗಿತ್ತು. ಟೋಲ್ಕಾ ಪಾರ್ಕ್ ಉಳಿಸಿ ಅಂತ ಅಭಿಮಾನಿಗಳು ಚಳವಳಿ ಮಾಡಿ ಉಳಿಸಿಕೊಂಡರು. ಡಫ್ ಕೈಗೆ ಬಂದಾಗ ತಂಡ ಆಗಷ್ಟೇ ಮೇಲಿನ ಡಿವಿಷನ್‌ಗೆ ಬಂದಿತ್ತು. ಮೇಲೆ ತಂದವರು ಹಿಂದಿನ ಮ್ಯಾನೇಜರ್ ಇಯಾನ್ ಮೋರಿಸ್. ಆ ಶ್ರೇಯ ಅವರಿಗೇ ಸೇರಬೇಕು.

2023ರ ಬೇಸಿಗೆಯಲ್ಲಿ ನಾನು ಅಳಿಯನ ಜೊತೆ ಟೋಲ್ಕಾ ಪಾರ್ಕ್‌ಗೆ ಹೋಗಿದ್ದೆ. ಅಲ್ಲಿ ಲೀಗ್ ಫೆಬ್ರುವರಿಯಲ್ಲಿ ಶುರುವಾಗಿ ನವೆಂಬರ್‌ಗೆ ಮುಗಿಯುತ್ತದೆ. ಶುಕ್ರವಾರ ರಾತ್ರಿ ಏಳೂಮುಕ್ಕಾಲಿಗೆ ಮ್ಯಾಚು. ರಾತ್ರಿ ಅಂದರೂ ಹೊರಗೆ ಇನ್ನೂ ಬಿಸಿಲು. ಮೈದಾನ ಅಂದರೆ ನೀವು ಟಿವಿಯಲ್ಲಿ ನೋಡುವ ಸ್ಟೇಡಿಯಂ ಅಂದುಕೊಳ್ಳಬೇಡಿ. ನಮ್ಮ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಮ್ಯಾಚು ನೋಡಿದವರಿಗೆ ಅಲ್ಲಿ ಪರಕೀಯ ಅನ್ನಿಸುವುದಿಲ್ಲ. ಹಳೆಯ ಸ್ಟ್ಯಾಂಡು, ಸವೆದ ಸೀಟು, ಪಕ್ಕದಲ್ಲೇ ಹೊಳೆ, ಸುತ್ತ ಮನೆಗಳು. ಚಿಪ್ಸ್ ಮೇಲೆ ವಿನೆಗರ್ ಸುರಿದ ವಾಸನೆ. ಸೀಟಿಗೂ ಗೆರೆಗೂ ಎಷ್ಟು ಹತ್ತಿರ ಅಂದರೆ ಥ್ರೋ ಹಾಕುವವನ ಉಸಿರಾಟ ಕೇಳುತ್ತದೆ. ಮ್ಯಾನೇಜರ್ ಬೈಯುವುದೂ ಕೇಳುತ್ತದೆ.

ಡಫ್ ಕೂರಲೇ ಇಲ್ಲ. ಟ್ರ್ಯಾಕ್ ಸೂಟ್ ಹಾಕಿಕೊಂಡು ಗೆರೆಯುದ್ದಕ್ಕೂ ಓಡಾಡುತ್ತಿದ್ದ. ರೆಫರಿಗೆ, ನಾಲ್ಕನೇ ಅಧಿಕಾರಿಗೆ, ತನ್ನದೇ ಹುಡುಗರಿಗೆ, ಆಕಾಶಕ್ಕೆ, ಎಲ್ಲರಿಗೂ ಕೂಗಾಟ. ಒಂದು ವಿಷಯ ಗಮನಿಸಿದೆ. ಅವನು ವಿಂಗರ್‌ಗೆ ಕೂಗಿದ್ದು ಕಡಿಮೆ. ಕೂಗಿದ್ದೆಲ್ಲ ಚೆಂಡು ಹೋದ ಮೇಲೆ ಹಿಂದೆ ಓಡಿ ಬರದ ಆಟಗಾರನಿಗೆ. ಚೆಂಡು ಕಾಲಲ್ಲಿದ್ದಾಗ ಏನು ಬೇಕಾದರೂ ಮಾಡು, ಹೋದ ಮೇಲೆ ಮಾತ್ರ ಓಡಿ ಬಾ ಅನ್ನುವ ಹಾಗೆ. ಹತ್ತಿರ ಕೂತಿದ್ದ ಅಜ್ಜ ಒಬ್ಬರು ನನ್ನ ಕಡೆ ತಿರುಗಿ, ಇವನು ಆಡುವಾಗ ಬಾಯೇ ಬಿಡುತ್ತಿರಲಿಲ್ಲ ಅಂತ ನಕ್ಕರು. ಇಂಗ್ಲಿಷೇ ಆದರೂ ಅವರು ಹೇಳಿದ್ದರಲ್ಲಿ ಅರ್ಧ ನನಗೆ ಅಳಿಯನೇ ತಿಳಿಸಿ ಹೇಳಬೇಕಾಯಿತು. ಡಬ್ಲಿನ್ ಅಜ್ಜಂದಿರ ಇಂಗ್ಲಿಷ್ ಹಾಗಿರುತ್ತದೆ.

ಈಗ ‘ಮೊದಲ ಯತ್ನದಲ್ಲೇ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಅದು ತಪ್ಪು. ಮೊದಲ ವರ್ಷ 2022. ಹತ್ತು ತಂಡಗಳ ಲೀಗ್‌ನಲ್ಲಿ ಏಳನೇ ಸ್ಥಾನ. ಆ ವರ್ಷ ದೇಶದ ಕಪ್ ಪಂದ್ಯಾವಳಿಯ ಫೈನಲ್ ತನಕ ಹೋದರು ನಿಜ. ಆದರೆ ಡಬ್ಲಿನ್‌ನ ಅವಿವಾ ಸ್ಟೇಡಿಯಂನಲ್ಲಿ ಡೆರಿ ಸಿಟಿ ಎದುರು 4–0 ಸೋತರು. ಅಷ್ಟು ಜನರ ಮುಂದೆ ಅಂಥ ಸೋಲು ತಿಂದರೆ ಒಬ್ಬ ಹೊಸ ಮ್ಯಾನೇಜರ್‌ನ ಮರ್ಯಾದೆ ಏನಾಗಬೇಡ? 2023ರಲ್ಲಿ ನಾಲ್ಕನೇ ಸ್ಥಾನ, ಅದರಿಂದ ಯುರೋಪ್ ಪಂದ್ಯಗಳಿಗೆ ಅರ್ಹತೆ. 2024ರ ಬೇಸಿಗೆಯಲ್ಲಿ ಜಿಬ್ರಾಲ್ಟರ್‌ನ ಸೇಂಟ್ ಜೋಸೆಫ್ಸ್ ತಂಡವನ್ನು ದಾಟಿ, ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಎದುರು ಹೊರಬಿದ್ದರು. ಏಳು, ನಾಲ್ಕು, ಆಮೇಲೆ ಒಂದು. ಹೀಗೆ ಬಂದದ್ದು ಪ್ರಶಸ್ತಿ.

2024ರ ವರ್ಷ ಸಲೀಸಾಗಿ ಇರಲಿಲ್ಲ. ಶುರುವಿನಲ್ಲಿ ಶೆಲ್ಸ್ ಮುಂದೆ ಓಡಿತು. ವರ್ಷದ ನಡುವೆ ಡಿಫೆಂಡರ್ ಗ್ಯಾವಿನ್ ಮೊಲೊಯ್‌ನನ್ನು ಸ್ಕಾಟ್ಲೆಂಡಿನ ಅಬರ್‌ಡೀನ್ ಕೊಂಡುಕೊಂಡಿತು. ಬೇರೆ ಕ್ಲಬ್ಬಿನಿಂದ ಸಾಲಕ್ಕೆ ಬಂದಿದ್ದ ವಿಲ್ ಜಾರ್ವಿಸ್ ವಾಪಸ್ ಹೋದ. ಸಣ್ಣ ಲೀಗ್‌ನ ಪಾಡೇ ಇದು. ಚೆನ್ನಾಗಿ ಆಡಿದವನು ನಿಲ್ಲುವುದಿಲ್ಲ. ತಂಡ ತಡವರಿಸಿತು. ಹಿಂದಿನಿಂದ ಶ್ಯಾಮ್‌ರಾಕ್ ರೋವರ್ಸ್ ಅಟ್ಟಿಸಿಕೊಂಡು ಬಂತು. 2020ರಿಂದ ಸತತ ನಾಲ್ಕು ಸಲ ಲೀಗ್ ಗೆದ್ದವರು ಅವರು. ಡಫ್ ಹುಡುಗರಿಗೆ ಹೇಳಿಕೊಡಲು ಶುರುಮಾಡಿದ ಕ್ಲಬ್ಬೇ ಈಗ ಎದುರಾಳಿ.

ಕೊನೆಯ ಮ್ಯಾಚು ನವೆಂಬರ್ 1ರಂದು, ಡೆರಿಯ ಬ್ರಾಂಡಿವೆಲ್ ಮೈದಾನದಲ್ಲಿ. ಡೆರಿ ಇರುವುದು ಉತ್ತರ ಐರ್ಲೆಂಡಿನಲ್ಲಿ. ಆದರೂ 1985ರಿಂದ ಆ ತಂಡ ಗಡಿಯಾಚೆಯ ದಕ್ಷಿಣದ ಲೀಗ್‌ನಲ್ಲಿ ಆಡುತ್ತದೆ. ಎರಡು ವರ್ಷದ ಹಿಂದೆ ಫೈನಲ್‌ನಲ್ಲಿ ನಾಲ್ಕು ಗೋಲು ತುರುಕಿದ ಅದೇ ಡೆರಿ, ಈಗ ಅವರ ಮನೆಯಲ್ಲೇ. ನಮ್ಮಲ್ಲಿ ಅವತ್ತು ರಾಜ್ಯೋತ್ಸವ, ಜೊತೆಗೆ ದೀಪಾವಳಿ. ಅಲ್ಲಿ ಮ್ಯಾಚು ಶುರುವಾದಾಗ ಇಲ್ಲಿ ನಡುರಾತ್ರಿ ದಾಟಿ ಒಂದೂಕಾಲು. ಬೀದಿಯಲ್ಲಿ ಇನ್ನೂ ಪಟಾಕಿ ನಿಂತಿರಲಿಲ್ಲ. ನಾನು ಫೋನ್ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದೆ. ಹೆಂಡತಿ ಎದ್ದು ಬಂದು, ನಿಮಗೂ ಆ ಊರಿಗೂ ಏನ್ರೀ ಸಂಬಂಧ ಅಂತ ಕೇಳಿ, ನೀರು ಕುಡಿದು ಹೋಗಿ ಮಲಗಿದಳು.

ಇನ್ನೊಂದು ಕಡೆ ರೋವರ್ಸ್ ಗೆಲ್ಲುತ್ತಿದ್ದರು. ಡೆರಿಯಲ್ಲಿ ಗೋಲೇ ಇಲ್ಲ. ಡ್ರಾ ಆದರೆ ಪಾಯಿಂಟು ಸಮ, ಗೋಲು ವ್ಯತ್ಯಾಸದಲ್ಲಿ ಪ್ರಶಸ್ತಿ ರೋವರ್ಸ್‌ಗೆ. 85ನೇ ನಿಮಿಷದಲ್ಲಿ ಹ್ಯಾರಿ ವುಡ್ ಗೋಲು ಹೊಡೆದ. 1–0. ಎರಡೇ ಪಾಯಿಂಟಿನ ಅಂತರದಲ್ಲಿ ಶೆಲ್ಸ್ ಚಾಂಪಿಯನ್. 2006ರ ನಂತರ ಮೊದಲ ಸಲ, ಕ್ಲಬ್ಬಿನ ಇತಿಹಾಸದಲ್ಲಿ 14ನೇ ಸಲ.

ಡಫ್ ದೇವರು ಅಂತ ನಾನು ಹೇಳುತ್ತಿಲ್ಲ. ಅವನ ತಂಡದ ಆಟ ನೋಡಲು ಯಾವಾಗಲೂ ಚಂದ ಇರುತ್ತಿರಲಿಲ್ಲ. ಅಷ್ಟು ಚೆಲುವಾಗಿ ಆಡಿದವನು, ತಂಡ ಕಟ್ಟಿದಾಗ ಮೊದಲು ಗಟ್ಟಿ ಮಾಡಿದ್ದು ಹಿಂದಿನ ಸಾಲನ್ನು. ಇದು ನನಗೂ ಸ್ವಲ್ಪ ಬೇಸರವೇ. ಅವನು ಕೆಲಸ ಬಿಡುವ ರೀತಿಯೂ ಹಾಗೆ, ಇದ್ದಕ್ಕಿದ್ದಂತೆ. ಐರ್ಲೆಂಡ್ ತಂಡ ಬಿಟ್ಟದ್ದು ಹಾಗೆ. ಈಗ ಶೆಲ್ಸ್ ಬಿಟ್ಟದ್ದೂ ಹಾಗೆ. ಲೀಗ್ ಅರ್ಧದಲ್ಲಿದೆ. ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ ಬಾಗಿಲಲ್ಲಿದೆ. ಇಂಥ ಹೊತ್ತಿನಲ್ಲಿ ಎದ್ದು ಹೋದರೆ ಅಭಿಮಾನಿಗೆ ನೋವಾಗುವುದು ಸಹಜ. ಮಗಳು ಹೇಳುವ ಪ್ರಕಾರ ಆ ಬೀದಿಯಲ್ಲಿ ಕೋಪವೂ ಇದೆ, ಬೇಜಾರೂ ಇದೆ. ಆದರೂ ಒಂದು ಮಾತು ನೋಡಿ. ಅವನ ಜಾಗಕ್ಕೆ ಬಂದದ್ದು ಜೊತೆಯಲ್ಲೇ ಸಹಾಯಕನಾಗಿದ್ದ ಜೋಯಿ ಓಬ್ರಿಯನ್. ಹೊರಗಿನಿಂದ ಇನ್ನೊಬ್ಬ ತಾರೆಯನ್ನು ಹುಡುಕುವ ಕಷ್ಟವೇ ಬರಲಿಲ್ಲ.

ಅಂಕಣಕಾರರು ಬಯಸುವ ಇನ್ನೊಂದು ದಾರಿಯೂ ಇದೆ. ಅದೂ ಐರ್ಲೆಂಡಿನವರಿಂದಲೇ ಕಲಿಯಬಹುದು. ರಾಯ್ ಕೀನ್ ಆಟ ನಿಲ್ಲಿಸಿದ ವರ್ಷವೇ, 2006ರಲ್ಲಿ, ಸಂಡರ್‌ಲ್ಯಾಂಡ್‌ನ ಮ್ಯಾನೇಜರ್ ಆದ. ಮೊದಲ ವರ್ಷವೇ ತಂಡವನ್ನು ಪ್ರೀಮಿಯರ್ ಲೀಗ್‌ಗೆ ತಂದ. ಎಲ್ಲರೂ ಹಾಡಿ ಹೊಗಳಿದರು. 2008ರ ಡಿಸೆಂಬರ್‌ನಲ್ಲಿ ಹೊರಗೆ. ಆಮೇಲೆ ಇಪ್ಸ್‌ವಿಚ್, 2011ರ ಜನವರಿಯಲ್ಲಿ ಅಲ್ಲಿಂದಲೂ ಹೊರಗೆ. ಅದಾದ ಮೇಲೆ ಮುಖ್ಯ ಮ್ಯಾನೇಜರ್ ಕೆಲಸ ಮಾಡಲೇ ಇಲ್ಲ. ಈಗ ಟಿವಿಯಲ್ಲಿ ಬೈಯುತ್ತಾನೆ, ಜನ ಖುಷಿಯಿಂದ ನೋಡುತ್ತಾರೆ.

ರಾಬಿ ಕೀನ್ ಕತೆ ನಮಗೆ ಇನ್ನೂ ಹತ್ತಿರದ್ದು. ಐರ್ಲೆಂಡಿಗೆ 146 ಪಂದ್ಯ, 68 ಗೋಲು. ಅಲ್ಲಿ ಯಾರೂ ಅಷ್ಟು ಹೊಡೆದಿಲ್ಲ. 2017ರಲ್ಲಿ ಕೋಲ್ಕತ್ತದ ಎಟಿಕೆ ತಂಡಕ್ಕೆ ಬಂದ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ತಂಡ ಅದು. ಕೋಚ್ ಆಗಿ ಬಂದವರು ಟೆಡ್ಡಿ ಶೆರಿಂಗ್‌ಹ್ಯಾಮ್, ಇಂಗ್ಲೆಂಡಿನ ದೊಡ್ಡ ಸ್ಟ್ರೈಕರ್. ಅರ್ಧ ವರ್ಷಕ್ಕೇ ಅವರನ್ನು ತೆಗೆದರು. ಬೆಂಗಳೂರು ಎಫ್‌ಸಿಗೆ ಎರಡು ಸಲ ಐ-ಲೀಗ್ ಗೆಲ್ಲಿಸಿದ್ದ ಆಶ್ಲೇ ವೆಸ್ಟ್‌ವುಡ್ ಅವರನ್ನು ಕೂರಿಸಿದರು. ಅವರೂ ನಿಲ್ಲಲಿಲ್ಲ. 2018ರ ಮಾರ್ಚ್‌ನಲ್ಲಿ ಇನ್ನೂ ಆಡುತ್ತಿದ್ದ ರಾಬಿ ಕೀನ್‌ಗೇ ಕೋಚ್ ಟೋಪಿಯನ್ನೂ ತೊಡಿಸಿದರು. ಒಂದೇ ವರ್ಷದಲ್ಲಿ ಮೂರು ಜನ. ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ. ಹೆಸರಿಗೆ ಏನೂ ಕಡಿಮೆ ಇರಲಿಲ್ಲ ಅಲ್ವಾ? ಅದೇ ರಾಬಿ ಕೀನ್ ಆಮೇಲೆ ಸಹಾಯಕ ಕೋಚ್ ಆಗಿ ಕೆಲವು ವರ್ಷ ಬೆವರು ಸುರಿಸಿದ. ಅದಾದ ಮೇಲೆ ಇಸ್ರೇಲ್‌ನಲ್ಲಿ ಮಕ್ಕಾಬಿ ಟೆಲ್ ಅವೀವ್ ಜೊತೆ 2024ರಲ್ಲಿ, 2025ರಲ್ಲಿ ಹಂಗೆರಿಯ ಫೆರೆನ್ಸ್‌ವಾರೋಶ್ ಜೊತೆ ಲೀಗ್ ಗೆದ್ದ. ಮನುಷ್ಯ ಅವನೇ. ಕೋಲ್ಕತ್ತದಲ್ಲಿ ಅವನಿಗೆ ಕೋಚ್ ಕೆಲಸ ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

ಆದ್ದರಿಂದ ದೊಡ್ಡ ಆಟಗಾರ ಬೇಡ ಅಂತ ನನ್ನ ವಾದ ಅಲ್ಲ. ಬರಲಿ. ಆದರೆ ಕರೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಈತ ಇದುವರೆಗೆ ಯಾವ ವಯಸ್ಸಿನ ಹುಡುಗರಿಗೆ, ಎಷ್ಟು ವರ್ಷ ಹೇಳಿಕೊಟ್ಟಿದ್ದಾನೆ? ಎಷ್ಟು ಗೋಲು ಹೊಡೆದಿದ್ದಾನೆ ಅನ್ನುವ ಪ್ರಶ್ನೆ ಆಮೇಲೆ ಇರಲಿ.

ನಮ್ಮಲ್ಲೂ ಹೇಳಿಕೊಡುವವರು ಇಲ್ಲದೇ ಇಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದರು. 54 ವರ್ಷ ಆಗಿತ್ತು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರೇ ಮೈಸೂರು. ನಿಮ್ಮ ಪತ್ರಿಕೆ ಫೋಟೋ ಹಾಕಿತು, ಸಂತೋಷ. ಆ ತಂಡದ ಕೋಚ್ ಯಾರು ಅಂತ ನಮ್ಮ ಮೈದಾನದ ಹುಡುಗರನ್ನು ಕೇಳಿದೆ. ಒಬ್ಬನಿಗೂ ಗೊತ್ತಿಲ್ಲ. ಮೊರಿನ್ಯೊ ಯಾವ ಬಣ್ಣದ ಕೋಟು ಹಾಕುತ್ತಾರೆ ಅಂತ ಗೊತ್ತು. ನಮ್ಮ ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಅದೇ ಬೀದಿಯ ಹುಡುಗರಿಗೆ ಚೆಂಡು ನಿಲ್ಲಿಸುವುದು ಹೇಗೆ ಅಂತ ಕಲಿಸಿದವರ ಹೆಸರು ಯಾವ ಗೋಡೆ ಮೇಲೂ ನಾನು ನೋಡಿಲ್ಲ.

ನನಗೆ ಹೇಳಿಕೊಟ್ಟವರು ಒಬ್ಬ ಮೆಷಿನಿಸ್ಟ್. ಎರಡನೇ ಶಿಫ್ಟ್ ಇದ್ದ ವಾರ ಬೆಳಿಗ್ಗೆ, ಮೊದಲ ಶಿಫ್ಟ್ ಇದ್ದ ವಾರ ಸಂಜೆ ಬರುತ್ತಿದ್ದರು. ಎಡಗಾಲಿನವನಿಗೆ ಬಲಗಾಲು ಸುಮ್ನೆ ದೇವರು ಕೊಟ್ಟದ್ದಲ್ಲ ಅಂತ ಬೈದು, ಎಡಗಾಲಿನ ಬೂಟು ಬಿಚ್ಚಿಸಿ ಬಲಗಾಲಲ್ಲಿ ಮಾತ್ರ ಒದೆಯಲು ಹಚ್ಚುತ್ತಿದ್ದರು. ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ನಿಮ್ಮ ಪತ್ರಿಕೆಯ ಮೇಲಷ್ಟೇ ಇದು ದೂರಲ್ಲ. ಯಾವುದರಲ್ಲೂ ಬರಲಿಲ್ಲ.

ಅಂಕಣಕಾರರಿಗೆ ಒಂದು ವಿನಂತಿ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ನಗರದ ಯಾವ ಮೈದಾನಕ್ಕಾದರೂ ಬರಲಿ. ಅಲ್ಲಿ ಸೀಟಿ ಹಿಡಿದು ನಿಂತವರ ಜೊತೆ ಮಾತಾಡಲಿ. ಅವರಲ್ಲಿ ಎಷ್ಟು ಜನಕ್ಕೆ ಸಂಬಳ ಬರುತ್ತದೆ, ಕೋಚಿಂಗ್ ಲೈಸೆನ್ಸ್ ಪರೀಕ್ಷೆಯ ಶುಲ್ಕ ಎಷ್ಟು ಜನ ಕೈಯಿಂದ ಕಟ್ಟಿದ್ದಾರೆ, ಕ್ರಿಕೆಟ್‌ನವರು ಬರುವ ಮೊದಲು ಮೈದಾನ ಎಷ್ಟು ಹೊತ್ತು ಸಿಗುತ್ತದೆ ಅಂತ ಕೇಳಿ ಬರೆಯಲಿ. ಅದು ಓದಲು ನಾನು ಪತ್ರಿಕೆಗೆ ಎರಡು ಪಟ್ಟು ಬೆಲೆ ಕೊಡಲೂ ಸಿದ್ಧ.

ನಿಮಗೂ ಎರಡು ವಿನಂತಿ. ಒಂದು, ‘ಮೊದಲ ಯತ್ನದಲ್ಲೇ’ ಅನ್ನುವುದಕ್ಕೆ ತಿದ್ದುಪಡಿ ಹಾಕಿ. ಮೂರನೇ ವರ್ಷ ಅಂತ ಇರಲಿ. ಎರಡು, ಜುಲೈಯಲ್ಲಿ ಶೆಲ್ಬೋರ್ನ್ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಬೆಲ್‌ಫಾಸ್ಟ್‌ನ ಲಿನ್‌ಫೀಲ್ಡ್ ವಿರುದ್ಧ ಆಡುತ್ತದೆ. ಐರ್ಲೆಂಡ್ ದ್ವೀಪದ ಎರಡೂ ಭಾಗಗಳ ಚಾಂಪಿಯನ್‌ಗಳು ಎದುರುಬದುರು. ಆ ಸ್ಕೋರನ್ನು ಒಂದು ಸಾಲಿನಲ್ಲಾದರೂ ಹಾಕಿ, ಕೋಚ್‌ಗಳ ಹೆಸರಿನ ಜೊತೆಗೆ. ಜಾಗ ಮಿಕ್ಕರೆ, ಅದರ ಕೆಳಗೆ ಬೆಂಗಳೂರಿನ ಕಿರಿಯರ ಲೀಗ್ ಫಲಿತಾಂಶವನ್ನೂ ಅದೇ ರೀತಿ ಹಾಕಿ. ಪತ್ರ ಉದ್ದವಾಗಿದೆ, ಕತ್ತರಿ ಹಾಕಿಕೊಳ್ಳಿ. ಹಾಕುವುದಾದರೆ ಚೆಲ್ಸಿ ಭಾಗಕ್ಕೆ ಹಾಕಿ.

ಇಂತಿ,
ಆಸ್ಟಿನ್ ಟೌನ್‌ನ ಒಬ್ಬ ಹಳೆಯ ಲೆಫ್ಟ್ ವಿಂಗರ್
ಬೆಂಗಳೂರು, ಜೂನ್ 2025